ಆಪ್ತಸಲಹೆ ಪ್ರಕರಣ: ಕಾರ್ಖಾನೆಯಲ್ಲಿ ಗೊತ್ತಿದ್ದದ್ದು, ಪುಸ್ತಕದಲ್ಲಿ ಗೊತ್ತಾಗದ್ದು

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬಂದವರು ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಪಾಳಿಯ ಮೇಲೆ ದುಡಿಯುವವರು, ವಯಸ್ಸು ಮೂವತ್ತರ ಆಸುಪಾಸು. ಪಿಯುಸಿಗೆ ನಿಂತಿದ್ದ ಓದನ್ನು ದೂರಶಿಕ್ಷಣದ ಬಿ.ಎಸ್‌ಸಿ.ಯಲ್ಲಿ ಮುಂದುವರಿಸಿದ್ದರು. ಜೀವರಸಾಯನಶಾಸ್ತ್ರದ ಮೊದಲ ಪತ್ರಿಕೆಯಲ್ಲಿ ನಪಾಸಾಗಿ, ಶುಲ್ಕ ಕಟ್ಟಿದ ಅಣ್ಣನಿಗೆ ಅದನ್ನು ಹೇಳದೆ ಉಳಿದಿದ್ದರು. "ನನ್ನ ತಲೆಗೆ ಇದು ಹತ್ತುವುದಿಲ್ಲ ಮೇಡಂ. ಬಿಟ್ಟುಬಿಡಲೇ?"

ಮೊದಲು ನಿದ್ದೆ, ಹಸಿವು, ಬದುಕು ಬೇಡವೆನಿಸುವ ಯೋಚನೆ, ಇವನ್ನು ವಿಚಾರಿಸಿದೆ. ಕೆಟ್ಟಿದ್ದು ನಿದ್ದೆಯೊಂದೇ. ರಾತ್ರಿ ಪಾಳಿ ಮುಗಿಸಿ ಹಗಲು ಪುಸ್ತಕ ಹಿಡಿಯುವವರಿಗೆ ಅದು ಕೆಡದಿದ್ದರೇ ಆಶ್ಚರ್ಯ. ಮುಂದಿನ ಸಲ ನೋಟ್‌ಬುಕ್ ತರಲು ಹೇಳಿದೆ.

ನೋಟ್‌ಬುಕ್ಕಿನಲ್ಲಿ 20 ಅಮೈನೊ ಆಮ್ಲಗಳ ಹೆಸರು, ಜೀವಕೋಶ ಗ್ಲುಕೋಸನ್ನು ಒಡೆಯುವ ಗ್ಲೈಕಾಲಿಸಿಸ್‌ನ 10 ಹಂತಗಳು ಮುದ್ದಾದ ಅಕ್ಷರದಲ್ಲಿ ಪುಟಗಟ್ಟಲೆ ಇದ್ದವು. ಲೆಕ್ಕ ಒಂದೂ ಇರಲಿಲ್ಲ. ಹುಳಿಯ ಮಟ್ಟ ಸುಲಭಕ್ಕೆ ಬದಲಾಗದ ಬಫರ್ ದ್ರಾವಣದ ಪ್ರಶ್ನೆಗಳನ್ನು ಪರೀಕ್ಷೆಯಲ್ಲೂ ಮುಟ್ಟಿರಲಿಲ್ಲ.

ಕಬ್ಬಿನ ರಸಕ್ಕೆ ಸುಣ್ಣದ ಹಾಲು ಏಕೆ ಹಾಕುತ್ತೀರಿ ಎಂದು ಕೇಳಿದೆ. ಅಲ್ಲಿಯವರೆಗೆ ನೆಲ ನೋಡುತ್ತಿದ್ದವರು ತಲೆಯೆತ್ತಿದರು. ಹುಳಿ ರಸವನ್ನು ಹಾಗೆಯೇ ಕಾಯಿಸಿದರೆ ಸಕ್ಕರೆ ಒಡೆಯುತ್ತದೆ, ಹುಳಿಯನ್ನು ಅಳೆಯುವ ಪಿಎಚ್ ಅನ್ನು 7ರ ಹತ್ತಿರಕ್ಕೆ ಏರಿಸಬೇಕು. ಕಡಿದ ಕಬ್ಬು ಟ್ರ್ಯಾಕ್ಟರಿನಲ್ಲೇ ಕಾದು ನಿಂತರೆ ಪೋಲ್, ಅಂದರೆ ರಸದಲ್ಲಿನ ಸುಕ್ರೋಸ್ ಸಕ್ಕರೆಯ ಅಳತೆ, ಇಳಿಯುತ್ತದೆ ಎಂದೆಲ್ಲ ತಡೆಯಿಲ್ಲದೆ ಹೇಳಿದರು. ಕಬ್ಬಿನಲ್ಲಿ ಸುಕ್ರೋಸನ್ನು ಒಡೆಯುವುದು ಇನ್ವರ್ಟೇಸ್ ಎಂಬ ಕಿಣ್ವ. ಸುಕ್ರೋಸ್ ಧ್ರುವೀಕೃತ ಬೆಳಕನ್ನು, ಅಂದರೆ ಒಂದೇ ತಲದಲ್ಲಿ ಕಂಪಿಸುವ ಬೆಳಕನ್ನು, ಬಲಕ್ಕೆ ತಿರುಗಿಸಿದರೆ, ಅದು ಒಡೆದು ಆದ ಗ್ಲುಕೋಸ್‌-ಫ್ರಕ್ಟೋಸ್ ಮಿಶ್ರಣ ಎಡಕ್ಕೆ ತಿರುಗಿಸುತ್ತದೆ. ಇದು ಅವರ ಪಠ್ಯದಲ್ಲೇ ಇತ್ತು, ಬಾಯಿಪಾಠವೂ ಆಗಿತ್ತು. ದಿನವೂ ಈ ತಿರುಗುವಿಕೆಯನ್ನು ಅಳೆಯುವ ಪೋಲಾರಿಮೀಟರಿನಲ್ಲಿ ಕಣ್ಣಿಟ್ಟು ನೋಡುವುದು ಅದನ್ನೇ ಎಂಬುದು ಮಾತ್ರ ಹೊಳೆದಿರಲಿಲ್ಲ. ಕಲಿಸುವವರು ಎದುರಿಗಿದ್ದಿದ್ದರೆ ಯಾರಾದರೂ ಇದನ್ನು ತೋರಿಸುತ್ತಿದ್ದರು. ಅಂಚೆಯಲ್ಲಿ ಬಂದ ಪಾಠ ಓದುಗನ ಕೆಲಸ ಏನೆಂದು ಕೇಳುವುದಿಲ್ಲ.

ಓದು ಬಿಡಬೇಡಿ, ಬಾಯಿಪಾಠ ಬಿಡಿ ಎಂದೆ. ವಾರಕ್ಕೊಂದೆರಡು ಬಫರ್ ಲೆಕ್ಕ ಸಾಕು. ಅಸಿಟಿಕ್ ಆಮ್ಲದ ಪಿಕೆಎ, ಅಂದರೆ ಆಮ್ಲದ ಬಲದ ಅಳತೆ, 4.76; ಆಮ್ಲವೂ ಅದರ ಲವಣರೂಪವಾದ ಅಸಿಟೇಟೂ ಸಮನಾಗಿದ್ದರೆ ಪಿಎಚ್ ಅಷ್ಟೇ, ಅಸಿಟೇಟ್ ಹತ್ತು ಪಟ್ಟಾದರೆ 5.76. ಇದನ್ನು ಅಲ್ಲಿಯೇ ಕೂತು ಮಾಡಿದೆವು. ಈ ಲೆಕ್ಕಕ್ಕೆ ಬೇಕಾದ ಲಾಗರಿದಮ್ ಮರೆತುಹೋಗಿತ್ತು, ಹತ್ತನೆಯ ತರಗತಿಗೆ ಹೋಗುವ ಅಣ್ಣನ ಮಗಳಿಗೆ ಪಾಠ ಹೇಳುವ ನೆಪದಲ್ಲಿ ರಾಸಾಯನಿಕ ಸಮೀಕರಣಗಳನ್ನು ಸರಿದೂಗಿಸುವುದರಿಂದ ಶುರು ಮಾಡಿ, ಆಮೇಲೆ ಲಾಗರಿದಮ್‌ಗೆ ಬನ್ನಿ ಎಂದೆ. ರಾತ್ರಿ ಪಾಳಿಯ ವಾರಗಳಲ್ಲಿ ಹೊಸ ಅಧ್ಯಾಯ ಬೇಡ, ನಿದ್ದೆ ಮೊದಲು. ಡಿಸೆಂಬರ್ ಪರೀಕ್ಷೆ ಎಂದರೆ ಕಬ್ಬು ನುರಿಸುವ ಹಂಗಾಮಿನ ನಟ್ಟನಡುವೆ, ಆಗ ಹಗುರವಾದ ಪತ್ರಿಕೆಯೊಂದನ್ನೇ ಬರೆದು ಜೀವರಸಾಯನಶಾಸ್ತ್ರವನ್ನು ಜೂನ್ ಪರೀಕ್ಷೆಗೆ ಇಟ್ಟುಕೊಳ್ಳುವುದು ಲೇಸು.

ಅಣ್ಣನಿಗೆ ಹೇಳುವ ಮಾತಿಗೆ ತುಂಬ ಹಿಂದೇಟು ಹಾಕಿದರು. ಒತ್ತಾಯಿಸಲಿಲ್ಲ, ನಿದ್ದೆ ಕೆಡಿಸುತ್ತಿರುವುದು ಅಂಕಪಟ್ಟಿಯೋ ಅದನ್ನು ಬಚ್ಚಿಟ್ಟದ್ದೋ ಎಂದಷ್ಟೇ ಕೇಳಿದೆ. ಕೊನೆಗೆ ಹೇಳಿದರಂತೆ. ಮರುಪರೀಕ್ಷೆಗೆ ಎಷ್ಟು ಕಟ್ಟಬೇಕು ಎಂದು ಕೇಳಿ ಅಣ್ಣ ಎದ್ದು ಹೊಲಕ್ಕೆ ಹೋದರಂತೆ.

ಜೂನ್‌ನಲ್ಲಿ ಪಾಸಾದರು, ಅಂಕಗಳು ಸಾಧಾರಣ. ಅಧ್ಯಯನ ಕೇಂದ್ರದ ಪ್ರಾಯೋಗಿಕ ತರಗತಿಗಳು ಇನ್ನೂ ಬಾಕಿ ಇವೆ. ಅವಕ್ಕೆ ಖುದ್ದಾಗಿ ಹಾಜರಾಗಲೇಬೇಕು. ಪಾಳಿ ಅದಲುಬದಲು ಮಾಡಿಕೊಳ್ಳುವ ಸಹೋದ್ಯೋಗಿಯನ್ನು ಈಗಿನಿಂದಲೇ ಹುಡುಕಿಕೊಳ್ಳಿ ಎಂದಿದ್ದೇನೆ.