ಇಂಟರ್ನೆಟ್ ಇದೆ, ಪೇಜ್ ಮಾತ್ರ ಬರ್ತಿಲ್ಲ

ಪ್ರಶ್ನೆ: ನನ್ನದು ಹಳೇ ಡೆಸ್ಕ್‌ಟಾಪ್. ಒಂದು ವಾರದಿಂದ ಬ್ರೌಸರ್‌ನಲ್ಲಿ ಯಾವ ಪೇಜೂ ತೆರೆಯುತ್ತಿಲ್ಲ. 'ನಿಮ್ಮ ಕನೆಕ್ಷನ್ ಪ್ರೈವೇಟ್ ಅಲ್ಲ' ಅಂತ ತೋರಿಸುತ್ತದೆ. ಅದೇ ವೈಫೈನಲ್ಲಿ ಮೊಬೈಲ್ ಚೆನ್ನಾಗಿದೆ. ಹಿಸ್ಟರಿ, ಕ್ಯಾಶ್ ಎಲ್ಲ ಅಳಿಸಿದೆ, ಬ್ರೌಸರ್ ತೆಗೆದು ಮತ್ತೆ ಹಾಕಿದೆ, ರೂಟರ್ ಆಫ್ ಮಾಡಿ ಆನ್ ಮಾಡಿದೆ. ವಿಚಿತ್ರ ಅಂದ್ರೆ ಒಂದೇ ಒಂದು ಹಳೇ ಸೈಟ್ ಮಾತ್ರ ತೆರೆಯುತ್ತದೆ. ಅಂದಹಾಗೆ, ಆನ್ ಮಾಡಿದಾಗಲೆಲ್ಲ ತಾರೀಖು 2015ಕ್ಕೆ ಹೋಗಿರುತ್ತದೆ. ಅದು ಬೇರೆ ತೊಂದರೆ, ಬಿಡಿ.

ಉತ್ತರ: ಬಿಡೋದು ಹೇಗೆ, ಅದೇ ತೊಂದರೆ!

ವಿಳಾಸ ಎಚ್‌ಟಿಟಿಪಿಎಸ್‌ನಿಂದ (https) ಶುರುವಾಗುವ ಪ್ರತಿ ಸೈಟಿಗೂ ಒಂದು ಸರ್ಟಿಫಿಕೇಟ್, ಅಂದ್ರೆ ಅಸಲಿ ಸೈಟೇ ಅಂತ ತೋರಿಸುವ ಗುರುತಿನ ಚೀಟಿ, ಇರುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ನಡೆಯುತ್ತದೆ ಅಂತ ಅದರಲ್ಲೇ ಬರೆದಿರುತ್ತದೆ. ಅವಧಿಯೂ ಜಾಸ್ತಿ ಇರಲ್ಲ, ಪುಕ್ಕಟೆಯಾಗಿ ಇವನ್ನು ಹಂಚುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಸಾಮಾನ್ಯವಾಗಿ ಕೊಡುವ ಸರ್ಟಿಫಿಕೇಟ್ ಆದರೆ ಬರೀ 90 ದಿನ. ಬ್ರೌಸರ್ ಆ ತಾರೀಖನ್ನು ನಿಮ್ಮ ಕಂಪ್ಯೂಟರಿನ ಗಡಿಯಾರದ ಜೊತೆ ಹೋಲಿಸಿ ನೋಡುತ್ತದೆ. 2015ರಲ್ಲಿ ನಿಂತು ನೋಡಿದರೆ ಇವತ್ತಿನ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ, ಅಲ್ವಾ? ಹಾಗಾಗಿ ಒಳಗೆ ಬಿಡಲ್ಲ. ನಿಮ್ಮ ಆ ಹಳೇ ಸೈಟು ಬಹುಶಃ ಬರೀ ಎಚ್‌ಟಿಟಿಪಿಯದು, ಅದಕ್ಕೆ ಸರ್ಟಿಫಿಕೇಟಿನ ಗೊಡವೆಯೇ ಇಲ್ಲ, ಅದಕ್ಕೇ ತೆರೆಯುತ್ತಿದೆ. ಪರದೆ ಮೇಲಿನ ಆ ಸಂದೇಶದ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ಇರುತ್ತದೆ ನೋಡಿ, ಅದರಲ್ಲಿ 'ಡೇಟ್ ಇನ್‌ವ್ಯಾಲಿಡ್' ಅಂತ ಇದ್ದರೆ ಬೇರೇನೂ ಹುಡುಕಬೇಕಿಲ್ಲ. ಆ ಸಾಲನ್ನು ಯಾರೂ ಓದಲ್ಲ. ನಾನೂ ಒಮ್ಮೆ ಓದದೆ ಇಡೀ ವಿಂಡೋಸ್ ಅನ್ನೇ ಹೊಸದಾಗಿ ಹಾಕಿ ಒಂದು ಭಾನುವಾರ ಹಾಳು ಮಾಡಿಕೊಂಡಿದ್ದೇನೆ.

ಸದ್ಯಕ್ಕೆ ಮೂಲೆಯ ಗಡಿಯಾರದ ಮೇಲೆ ರೈಟ್ ಕ್ಲಿಕ್ ಮಾಡಿ ತಾರೀಖು, ಸಮಯ ಸರಿ ಮಾಡಿ. ಟೈಮ್ ಝೋನ್ ಕೂಡ ನೋಡಿ. ವರ್ಷ ತಪ್ಪಿಲ್ಲ ತಾನೇ ಅಂತ ಇನ್ನೊಮ್ಮೆ ನೋಡಿಕೊಳ್ಳಿ, ಗಂಟೆ ನಿಮಿಷ ಸರಿ ಮಾಡಿ ವರ್ಷ ಮರೆಯುವವರೇ ಜಾಸ್ತಿ. ಬ್ರೌಸರ್ ಮುಚ್ಚಿ ತೆರೆದರೆ ಪೇಜುಗಳು ಬರಬೇಕು.

ಆದರೆ ನಾಳೆ ಆನ್ ಮಾಡಿದಾಗ ಮತ್ತೆ 2015! ಕಾರಣ ಮದರ್‌ಬೋರ್ಡ್ (ಕಂಪ್ಯೂಟರಿನ ಒಳಗಿನ ಮುಖ್ಯ ಬೋರ್ಡ್) ಮೇಲಿರುವ ನಾಣ್ಯದಂಥ ಪುಟ್ಟ ಸೆಲ್. ಕರೆಂಟ್ ಇಲ್ಲದಾಗ ಗಡಿಯಾರವನ್ನು ಓಡಿಸುವುದು ಅದೇ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಆರ್2032 ಇರುತ್ತದೆ, 3 ವೋಲ್ಟಿನದು. ಪ್ಲಗ್ ಕಿತ್ತು, ಹಳೇ ಸೆಲ್ ಯಾವ ಮುಖ ಮೇಲಿಟ್ಟು ಕೂತಿದೆ ಅಂತ ನೋಡಿಕೊಂಡು, ಹೊಸದನ್ನು ಹಾಗೇ ಕೂರಿಸಿ. ಆಮೇಲೆ ತಾರೀಖನ್ನು ಮತ್ತೊಮ್ಮೆ ಸರಿ ಮಾಡಬೇಕಾಗುತ್ತದೆ. ಲ್ಯಾಪ್‌ಟಾಪ್ ಆಗಿದ್ದರೆ ನೀವೇ ಬಿಚ್ಚಲು ಹೋಗಬೇಡಿ.

ಇನ್ನೊಂದು ಮಾತು: ಆ ಪೇಜಿನಲ್ಲಿ 'ಅಪಾಯ ಇದ್ದರೂ ಮುಂದುವರಿಸಿ' ಅನ್ನುವ ದಾರಿ ಇರಬಹುದು. ಬ್ಯಾಂಕ್ ಸೈಟಿಗಂತೂ ಅದನ್ನು ಒತ್ತಲೇಬೇಡಿ.

ಪ್ರಶ್ನೆ: ನನಗೆ ಒಂದೇ ಸೈಟ್ ತೆರೆಯಲ್ಲ, ಬಿಳೀ ಪರದೆ ಬರುತ್ತದೆ. ಇನ್‌ಕಾಗ್ನಿಟೋದಲ್ಲಿ (ಬ್ರೌಸರಿನ ಪ್ರೈವೇಟ್ ವಿಂಡೋ) ಮಾತ್ರ ಸರಿಯಾಗಿ ಬರುತ್ತದೆ. ಯಾಕೆ?

ಉತ್ತರ: ಅರ್ಧ ಉತ್ತರ ನೀವೇ ಹೇಳಿದ್ದೀರಿ. ಇನ್‌ಕಾಗ್ನಿಟೋದಲ್ಲಿ ಹಳೇ ಕುಕೀಗಳಿರಲ್ಲ (ಸೈಟುಗಳು ಬ್ರೌಸರಿನಲ್ಲಿ ಉಳಿಸಿಡುವ ಸಣ್ಣ ಮಾಹಿತಿ), ಎಕ್ಸ್‌ಟೆನ್ಶನ್‌ಗಳೂ (ಬ್ರೌಸರಿಗೆ ನಾವು ಸೇರಿಸುವ ಸಣ್ಣ ಪ್ರೋಗ್ರಾಂಗಳು) ನೀವಾಗಿ ಅನುಮತಿ ಕೊಡದಿದ್ದರೆ ಕ್ರೋಮ್‌ನಲ್ಲಿ ನಡೆಯಲ್ಲ. ತಪ್ಪು ಬಹುಶಃ ಆ ಎರಡರಲ್ಲಿ ಒಂದರದು. ಸುಮ್ನೆ ಎಲ್ಲ ಹಿಸ್ಟರಿ ಅಳಿಸಬೇಡಿ, ವಿಳಾಸದ ಎಡಗಡೆ ಇರುವ ಚಿಹ್ನೆ ಒತ್ತಿ ಆ ಸೈಟಿನ ಕುಕೀ ಮಾತ್ರ ತೆಗೆಯಿರಿ. ಆಗಲೂ ಬರದಿದ್ದರೆ ಎಕ್ಸ್‌ಟೆನ್ಶನ್‌ಗಳನ್ನು ಒಂದೊಂದಾಗಿ ಆಫ್ ಮಾಡಿ. ಜಾಹೀರಾತು ತಡೆಯುವುದರಿಂದ ಶುರು ಮಾಡಿ, ನನ್ನ ಅನುಮಾನ ಅದರ ಮೇಲೆಯೇ.