ಏರ್ ರೈಫಲ್‌ಗೆ ಯಾವ ಕ್ರೋನೋಗ್ರಾಫ್ (ಗುಂಡಿನ ಸ್ಪೀಡ್ ಅಳೆಯೋ ಯಂತ್ರ) ತಗೋಬೇಕು, ಒಂದೊಂದ್ ಸಲ ಒಂದೊಂದ್ ಸ್ಪೀಡ್ ಯಾಕೆ ತೋರಿಸುತ್ತೆ?

ಬರೀ 10 ಮೀಟರ್ ಏರ್ ರೈಫಲ್ ಚೆಕ್ ಮಾಡೋಕೆ ಅಂದ್ರೆ ಸಾದಾ ಆಪ್ಟಿಕಲ್ ಕ್ರೋನೋನೇ ಸಾಕು. ಅದರಲ್ಲಿ ಎರಡು ಸೆನ್ಸರ್ ಇರುತ್ತೆ, ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) ನೆರಳು ಮೊದಲನೇದನ್ನ ದಾಟಿ ಎರಡನೇದಕ್ಕೆ ಬರೋಕೆ ಎಷ್ಟು ಟೈಮ್ ಹಿಡೀತು ಅಂತ ನೋಡಿ ಸ್ಪೀಡ್ ಲೆಕ್ಕ ಹಾಕುತ್ತೆ, ಅಷ್ಟೇ.

ನಂಬರ್ ಹುಚ್ಚುಚ್ಚಾಗಿ ಬರ್ತಿದ್ರೆ ಮೊದಲು ಲೈಟ್ ನೋಡಿ. ಮನೆ ಒಳಗಿನ ಟ್ಯೂಬ್‌ಲೈಟು, ಅಗ್ಗದ ಎಲ್ಇಡಿ ಇವೆಲ್ಲ ನಮ್ ಕಣ್ಣಿಗೆ ಕಾಣದಂಗೆ ಮಿಣಮಿಣ ಅಂತಿರುತ್ತೆ, ಸೆನ್ಸರ್ ಅದನ್ನೇ ಪೆಲೆಟ್ ಅನ್ಕೊಂಡುಬಿಡುತ್ತೆ. ಹೊರಗಡೆ ಆದ್ರೆ ತೆಳು ಮೋಡ ಇರೋ ದಿನ ಬೆಸ್ಟು, ಸುಡುಬಿಸಿಲಲ್ಲಿ ಸೆನ್ಸರ್ ಮೇಲೆ ಬೆಳಕನ್ನ ಹದವಾಗಿ ಹರಡೋ ಬಿಳಿ ಡಿಫ್ಯೂಸರ್ ಹಾಕ್ಲೇಬೇಕು. ಆಮೇಲೆ ಪೆಲೆಟ್ ನೇರವಾಗಿ ಹೋಗ್ಬೇಕು, ಓರೆಯಾಗಿ ಹೋದ್ರೆ ದೂರ ಜಾಸ್ತಿ ಆಗಿ ಸ್ಪೀಡ್ ಕಮ್ಮಿ ತೋರಿಸುತ್ತೆ.

ಮದ್ದು ಸಿಡಿಸೋ ಬಂದೂಕು (ಫೈರ್‌ಆರ್ಮ್) ಆದ್ರೆ ಕ್ರೋನೋನ ಬ್ಯಾರೆಲ್ ತುದಿಯಿಂದ 10-15 ಅಡಿ ದೂರ ಇಡಿ, ಇಲ್ಲಾಂದ್ರೆ ಹೊಗೆ, ಗಾಳಿಯ ಹೊಡೆತಕ್ಕೇ ತಪ್ಪು ರೀಡಿಂಗ್ ಬರುತ್ತೆ. ಬ್ಯಾರೆಲ್‌ಗೆ ಕಟ್ಟೋ ಮ್ಯಾಗ್ನೆಟಿಕ್ ಟೈಪ್ ನಂಗಿಷ್ಟ ಇಲ್ಲ, ತೂಕ ಬಿದ್ದು ಗುರಿನೇ ಆಚೀಚೆ ಆಗುತ್ತೆ. ದುಡ್ಡಿದ್ರೆ ಡಾಪ್ಲರ್ ರಾಡಾರ್ (ರೇಡಿಯೋ ಅಲೆಯಿಂದ ಸ್ಪೀಡ್ ಅಳೆಯೋದು) ತಗೊಳ್ಳಿ, ಲೈಟಿನ ರಗಳೆನೇ ಇಲ್ಲ, ಪಕ್ಕದಲ್ಲಿ ಇಟ್ರಾಯ್ತು.

ಒಂದು ಶಾಟ್ ನಂಬಬೇಡಿ, 10 ಹೊಡೆದು ಸರಾಸರಿ ತೆಗೀರಿ, ಅತಿ ಹೆಚ್ಚು, ಅತಿ ಕಮ್ಮಿ ಸ್ಪೀಡಿನ ನಡುವಿನ ಅಂತರಾನೂ ಬರ್ಕೊಳ್ಳಿ. ಪೆಲೆಟ್‌ನ ಎನರ್ಜಿ ಬೇಕಂದ್ರೆ ಅದರ ತೂಕನ ಕೆಜಿಗೆ ತಂದು, ಸ್ಪೀಡಿನ ವರ್ಗದಿಂದ ಗುಣಿಸಿ ಅರ್ಧ ಮಾಡಿ: 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 175 ಮೀಟರ್ ಹೋದ್ರೆ ಸುಮಾರು 8 ಜೂಲ್.