‘ಇನ್‌ಹೌಸ್’ ಎಂದರೆ ಹೇರ್‌ಸ್ಪ್ರಿಂಗ್ ಯಾರದೆಂದು ಕೇಳಿ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದ ಮಷೀನ್ ಶಾಪ್ ಒಂದರಲ್ಲಿ ಗ್ರೈಂಡಿಂಗ್ ಕೆಲಸ ನನ್ನದು. ಟ್ಯೂಡರ್ ವಾಚ್ ಕೊಳ್ಳುವ ಆಸೆಯಿದೆ. ‘ಒಳಗಿನ ಮೂವ್‌ಮೆಂಟ್ (ವಾಚನ್ನು ಓಡಿಸುವ ಯಂತ್ರ) ಇನ್‌ಹೌಸ್, ಅಂದರೆ ಕಂಪನಿಯೇ ತಯಾರಿಸಿದ್ದು, ಅದಕ್ಕೇ ಈ ಬೆಲೆ’ ಎನ್ನುತ್ತಾರೆ ಅಂಗಡಿಯವರು. ಅದನ್ನೇ ಬ್ರೈಟ್ಲಿಂಗ್ ಕಂಪನಿಯ ವಾಚಿಗೂ ಹಾಕುತ್ತಾರೆ ಎನ್ನುತ್ತಾನೆ ಗೆಳೆಯ. ಯಾರ ಮಾತು ನಿಜ?

ಉತ್ತರ: ಇಬ್ಬರದೂ ನಿಜ. ಟ್ಯೂಡರ್ 2015ರಲ್ಲಿ ಸ್ವಂತ ಮೂವ್‌ಮೆಂಟ್ ಹೊರತಂದಿತು. ಈಗ ಅವನ್ನು ತಯಾರಿಸುವ ಕೆನಿಸ್ಸಿ ಕಾರ್ಖಾನೆಯನ್ನು ಹುಟ್ಟುಹಾಕಿದ್ದೂ ಟ್ಯೂಡರೇ. ಶನೆಲ್ ಅದರ ಪಾಲುದಾರ. ಬ್ರೈಟ್ಲಿಂಗ್‌ನ ಬಿ20 ಎಂಬ ಮೂವ್‌ಮೆಂಟ್ ಟ್ಯೂಡರ್‌ನ ಮೂವ್‌ಮೆಂಟನ್ನೇ ಆಧರಿಸಿದೆ. ಪ್ರತಿಯಾಗಿ ಟ್ಯೂಡರ್ ತನ್ನ ಕ್ರೋನೋಗ್ರಾಫ್‌ಗೆ (ಸ್ಟಾಪ್‌ವಾಚ್ ಇರುವ ವಾಚ್) ಬ್ರೈಟ್ಲಿಂಗ್‌ನ ಬಿ01 ಅನ್ನು ಪಡೆದು, ಅದಕ್ಕೆ ತನ್ನದೇ ಸಿಲಿಕಾನ್ ಹೇರ್‌ಸ್ಪ್ರಿಂಗ್ (ವಾಚಿನ ವೇಗ ಕಾಯುವ ಸೂಕ್ಷ್ಮ ಸುರುಳಿ) ಕೂಡಿಸುತ್ತದೆ. ನಕ್ಷೆ ಒಬ್ಬರದು, ಎರಕ ಇನ್ನೊಬ್ಬರದು, ಫಿನಿಶಿಂಗ್ ಮತ್ತೊಬ್ಬರದು ಎಂಬುದು ಉದ್ಯಮಬಾಗದವರಿಗೆ ಹೊಸತಲ್ಲ.

ಈ ‘ಸ್ವಂತ’ದ ಹಟ ಜೋರಾದದ್ದು 2002ರ ನಂತರ. ಸ್ವಿಸ್ ಕಂಪನಿಗಳಲ್ಲಿ ಬಹಳಷ್ಟು, ಮೂವ್‌ಮೆಂಟ್ ತಯಾರಿಸುವ, ಸ್ವಾಚ್ ಗ್ರೂಪ್‌ನ ಇಟಿಎ ಕಾರ್ಖಾನೆಯನ್ನು ನೆಚ್ಚಿಕೊಂಡಿದ್ದವು. ಹೊರಗಿನವರಿಗೆ ಪೂರೈಕೆ ಕಡಿಮೆ ಮಾಡುತ್ತೇವೆಂದು ಆ ವರ್ಷ ಗ್ರೂಪ್ ಪ್ರಕಟಿಸಿತು. ಕೆಲವರು ಇಟಿಎ 2824ರ ವಿನ್ಯಾಸದಲ್ಲೇ ಮೂವ್‌ಮೆಂಟ್ ಮಾಡುವ ಸೆಲ್ಲಿಟಾದತ್ತ ಹೊರಳಿದರು, ಹಣವಿದ್ದವರು ಸ್ವಂತದ್ದಕ್ಕೆ ಕೈಹಾಕಿದರು.

ಪ್ಲೇಟು, ಸೇತುವೆ (ಚಕ್ರಗಳನ್ನು ಹಿಡಿದಿಡುವ ಪಟ್ಟಿ), ಗಿಯರ್‌ಗಳನ್ನು ಸಿಎನ್‌ಸಿಯಲ್ಲಿ ಕಡೆಯಬಹುದು. ನಿಜವಾದ ಪರೀಕ್ಷೆ ಹೇರ್‌ಸ್ಪ್ರಿಂಗ್. ಗಂಟೆಗೆ 28,800 ಬಾರಿ, ಅಂದರೆ ಸೆಕೆಂಡಿಗೆ ಎಂಟು ಸಲ ತೂಗುವ ಬ್ಯಾಲೆನ್ಸ್ ಚಕ್ರವನ್ನು ಹಿಡಿದಿಡುವುದು ಕೂದಲಿಗಿಂತ ತೆಳುವಾದ ಈ ಸುರುಳಿ. ಸ್ವಿಟ್ಜರ್ಲೆಂಡಿನಲ್ಲಿ ಇದರ ದೊಡ್ಡ ಪೂರೈಕೆದಾರ ನಿವರಾಕ್ಸ್ ಕೂಡ ಸ್ವಾಚ್ ಗ್ರೂಪ್‌ನದೇ. ಹೀಗಾಗಿ ‘ಎಲ್ಲವೂ ನಮ್ಮದೇ’ ಎನ್ನಬಲ್ಲವರು ವಿರಳ. ಜರ್ಮನಿಯ ನೊಮೊಸ್ ಸ್ವಂತ ಎಸ್ಕೇಪ್‌ಮೆಂಟ್ (ಗಿಯರ್‌ಗಳನ್ನು ಹೆಜ್ಜೆ ಹೆಜ್ಜೆಯಾಗಿ ಬಿಡುವ ಭಾಗ) ತೋರಿಸಿದ್ದು 2014ರಲ್ಲಷ್ಟೇ. ರೋಲೆಕ್ಸ್ ಡೇಟೋನಾದಲ್ಲೂ 1988ರಿಂದ 2000ದವರೆಗೆ ಇದ್ದದ್ದು ಝೆನಿತ್‌ನ ಮೂವ್‌ಮೆಂಟ್, ರೋಲೆಕ್ಸ್ ತಿದ್ದಿಕೊಂಡದ್ದು. ಆ ಡೇಟೋನಾವನ್ನು ಇಂದಿಗೂ ಜನ ಹುಡುಕಿ ಕೊಳ್ಳುತ್ತಾರೆ.

ನಿಮ್ಮ ವಿಷಯದಲ್ಲಿ ನನ್ನ ಒಲವು ಟ್ಯೂಡರ್ ಕಡೆಗೇ, ಆದರೆ ‘ಇನ್‌ಹೌಸ್’ ಎಂಬ ಕಾರಣಕ್ಕಲ್ಲ. ಸರ್ಫೇಸ್ ಗ್ರೈಂಡರ್‌ನ ಮ್ಯಾಗ್ನೆಟಿಕ್ ಚಕ್ ಹತ್ತಿರ ಕೈಯಿಡುವವರು ನೀವು. ಸಾಮಾನ್ಯ ಹೇರ್‌ಸ್ಪ್ರಿಂಗ್‌ಗೆ ಕಾಂತ ಹಿಡಿದರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ವಾಚ್ ಮುಂದೆ ಓಡುತ್ತದೆ. ಸಿಲಿಕಾನ್‌ಗೆ ಆ ಕಾಟವಿಲ್ಲ. ಹಾಗೆಂದು ಕೆಲಸದ ಹೊತ್ತಿನಲ್ಲಿ ಕಟ್ಟಿಕೊಳ್ಳಬೇಡಿ, ಉಳಿದ ಉಕ್ಕಿನ ಭಾಗಗಳಿಗೆ ಕಾಂತ ಹಿಡಿಯಬಹುದು. ಮೂವ್‌ಮೆಂಟ್ ಸಂಖ್ಯೆ ‘ಎಂಟಿ’ ಎಂದು ಆರಂಭವಾಗುತ್ತದೆಯೇ ನೋಡಿ. ಸಿಲಿಕಾನ್ ಹೇರ್‌ಸ್ಪ್ರಿಂಗ್ ಇರುವ ಟ್ಯೂಡರ್‌ನ ಸ್ವಂತ ಮೂವ್‌ಮೆಂಟಿಗೆ ಅದೇ ಗುರುತು, ಎಲ್ಲ ಟ್ಯೂಡರ್‌ಗಳಲ್ಲೂ ಅದಿಲ್ಲ.

ಇಟಿಎ, ಸೆಲ್ಲಿಟಾಗಳನ್ನು ನುರಿತ ವಾಚ್ ರಿಪೇರಿಯವರು ಬಿಚ್ಚಿ ಜೋಡಿಸಬಲ್ಲರು. ಕಂಪನಿಯ ಸ್ವಂತ ಮೂವ್‌ಮೆಂಟ್‌ನ ಬಿಡಿಭಾಗ ಹೊರಗೆ ಸಿಗುವುದು ಕಷ್ಟ. ಸರ್ವಿಸ್‌ಗೆ ಎಲ್ಲಿಗೆ ಕಳಿಸುತ್ತೀರಿ, ಎಷ್ಟು ವಾರ, ಎಷ್ಟು ಖರ್ಚು ಎಂಬುದನ್ನು ಹಣ ಕೊಡುವ ಮುನ್ನವೇ ಅಂಗಡಿಯವರಿಂದ ಬರೆಸಿಕೊಳ್ಳಿ.